ಗವಿಯ ಬಾಯಿ ಮತ್ತು ಒಡೆದ ಉಂಡಿ

ಹೊಳೆಯ ದಂಡೆಗೊಂದು ಮಠ. ಮಠದ ಬೆನ್ನಿಗೊಂದು ಗುಡ್ಡ. ಗುಡ್ಡದ ಹೊಟ್ಟೆಯಲ್ಲೊಂದು ಗವಿ.

ಮಠದಲ್ಲಿ ಇದ್ದವರು ಇಬ್ಬರೇ. ಗುರುಗಳನ್ನು ಊರೆಲ್ಲ ಅಜ್ಜಾರು ಎನ್ನುತ್ತಿತ್ತು. ಬೇರೊಂದು ಹೆಸರಿದ್ದದ್ದು ಅವರಿಗೂ ಮರೆತುಹೋಗಿತ್ತು. ಶಿಷ್ಯನ ಹೆಸರು ರಾಚಯ್ಯ.

ಗವಿಯ ಒಳಗೆ ಮಠ ಕಟ್ಟಿದ ಮೂಲಗುರುವಿನ ಗದ್ದುಗೆ. ಅಲ್ಲಿಗೆ ಬಾಗಿಲೆಂಬುದಿಲ್ಲ. ಎರಡು ಬಂಡೆಗಳು ಗುಟ್ಟು ಹೇಳಿಕೊಳ್ಳುವವರ ಹಾಗೆ ಹತ್ತಿರ ಬಂದು, ಮುಟ್ಟದೆ ನಿಂತಿವೆ. ಆ ಸಂದಿನಲ್ಲಿ ಅಡ್ಡಡ್ಡ ನಿಂತು, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆದುಕೊಂಡು ಸರಿಯಬೇಕು.

ವರ್ಷಕ್ಕೊಮ್ಮೆ, ಗೌರಿ ಹುಣ್ಣಿಮೆಯ ಸಂಜೆ, ಒಬ್ಬರು ಹಾಗೆ ಸರಿದುಹೋಗಿ ಗದ್ದುಗೆಗೆ ದೀಪ ಹಚ್ಚಿ ಬರಬೇಕು. ಆ ದೀಪ ಹತ್ತಿದ ಮೇಲೆಯೇ ಊರ ಮನೆಗಳ ಕಾರ್ತಿಕದ ದೀಪ.

ಅಜ್ಜಾರಿಗೆ ಕೋಲಿಲ್ಲದೆ ಹೆಜ್ಜೆ ಇಡಲು ಬರುತ್ತಿರಲಿಲ್ಲ. ಹಾಗಾಗಿ ದೀಪದ ಸೇವೆ ರಾಚಯ್ಯನದು.

ರಾಚಯ್ಯನಿಗೆ ಶಾಸ್ತ್ರ ತಲೆಗೆ ಹತ್ತುತ್ತಿರಲಿಲ್ಲ. ಭಜನೆಗೆ ದನಿ ಎತ್ತಿದರೆ ಹೊಳೆಯಲ್ಲಿ ನೀರು ಕುಡಿಯುವ ದನ ತಿರುಗಿ ನೋಡುತ್ತಿದ್ದವು. ಆದರೆ ಆ ಸಂದಿನಲ್ಲಿ ಮಾತ್ರ ಅವನು ಹಾವಿನ ಹಾಗೆ ಸರಿಯುತ್ತಿದ್ದ. ಇದು ನನ್ನದು ಅನ್ನುವ ಸೇವೆ ಅವನಿಗೆ ಅದೊಂದೇ.

ಹೋದ ವರ್ಷದ ಹುಣ್ಣಿಮೆಗೆ ಆ ಹಾವು ಅರ್ಧದಲ್ಲಿ ಸಿಕ್ಕಿಕೊಂಡಿತು.

ಅಜ್ಜಾರು ಹೊರಗೆ ಕಲ್ಲಿನ ಮೇಲೆ ಕೂತಿದ್ದರು. ಒಳಗಿನಿಂದ ಸದ್ದೇ ಇಲ್ಲ.

"ಏನಾತೋ ರಾಚಯ್ಯ?"

"ಏನಿಲ್ರಿ ಅಜ್ಜಾರ. ಧ್ಯಾನ ಮಾಡಾಕತ್ತೇನ್ರಿ."

"ಸಂದಿನ್ಯಾಗ?"

"ಹೌದ್ರಿ. ಇಲ್ಲೆ ತಂಪೈತಿ."

"ಮಾಡು, ಮಾಡು," ಎಂದರು ಅಜ್ಜಾರು.

ಕಡೆಗೆ ಹೊಟ್ಟೆಯ ಮೇಲಿನ ಚರ್ಮವನ್ನು ಬಂಡೆಗೆ ಅಷ್ಟಿಷ್ಟು ಬಿಟ್ಟುಕೊಟ್ಟು ರಾಚಯ್ಯ ಒಳಗೆ ಬಿದ್ದ. ದೀಪ ಹತ್ತಿತು. ಊರಿಗೇನೂ ಗೊತ್ತಾಗಲಿಲ್ಲ. ರಾಚಯ್ಯನಿಗೆ ಮಾತ್ರ ಗೊತ್ತಾಯಿತು: ಇನ್ನೊಂದು ವರ್ಷ ಹೀಗೇ ಹೋದರೆ ದೀಪ ತನ್ನ ಕೈ ತಪ್ಪುತ್ತದೆ.

ತಪ್ಪು ಯಾರದೆಂದು ಹುಡುಕಲು ಅವನಿಗೆ ಬಹಳ ಹೊತ್ತು ಬೇಕಾಗಲಿಲ್ಲ. ಹಬ್ಬಗಳದು.

ನಾಗಪಂಚಮಿಗೆ ಶುರುವಾದರೆ ಚೌತಿ, ದಸರಾ, ಶೀಗಿ ಹುಣ್ಣಿಮೆ, ದೀಪಾವಳಿ ಎಂದು ಒಂದರ ಬಾಲ ಒಂದು ಹಿಡಿದು ಬರುತ್ತವೆ. ಗೌರಿ ಹುಣ್ಣಿಮೆ ಎಲ್ಲದರ ತುದಿಗೆ. ಉಂಡಿ, ಕಡುಬು, ಹೋಳಿಗೆ, ಕರ್ಚಿಕಾಯಿ ಎಲ್ಲ ದಾಟಿ ಬಂದವನ ಹೊಟ್ಟೆಯನ್ನು ಬಂಡೆ ಅಳೆಯುವುದು ಆಗ.

ಶ್ರಾವಣ ಹುಟ್ಟುವ ಮುಂಚೆ, ಒಂದು ಬೆಳಿಗ್ಗೆ, ಅವನು ಅಜ್ಜಾರ ಮುಂದೆ ನಿಂತ.

"ಅಜ್ಜಾರ, ಗವಿ ಬಾಯಿ ಒಂದೀಟು ಅಗಲ ಮಾಡಸೂಣೇನ್ರಿ? ಕಲ್ಲುಕುಟಿಗರು ಊರಾಗ ಅದಾರ."

"ಮಾಡೂಣು."

ಇಷ್ಟು ಬೇಗ ಒಪ್ಪಿಗೆ ಸಿಕ್ಕಿದ್ದೇ ರಾಚಯ್ಯನಿಗೆ ಅನುಮಾನ ತಂದಿತು. "ಯಾವಾಗ್ರಿ?"

"ನೀ ಉಳಿ ಹಿಡಿಯೂದು ಕಲತ ಮ್ಯಾಲ."

"ನನಗ ಹೆಂಗ ಬರತೈತ್ರಿ ಕಲ್ಲು ಕಡಿಯೂದು?"

"ಕಲ್ಲು ಅಂತ ನಾ ಎಲ್ಲಿ ಅಂದೆ?" ಎಂದು ಅಜ್ಜಾರು ಸ್ನಾನಕ್ಕೆ ಹೊಳೆಗಿಳಿದರು.

ರಾಚಯ್ಯ ದಂಡೆಯಲ್ಲೇ ನಿಂತು ಯೋಚಿಸಿದ. ಅಜ್ಜಾರು ತಲೆ ಒರೆಸಿಕೊಳ್ಳುತ್ತ ಮೇಲೆ ಬಂದಾಗ ಹೇಳಿದ:

"ಹಂಗಾರ ಈ ವರ್ಷ ನಾ ಹಬ್ಬದ ಊಟ ಮುಟ್ಟೂದಿಲ್ರಿ."

"ಹಬ್ಬ ನಿನಗೇನು ಮಾಡೈತೋ?"

"ಏನೂ ಮಾಡದಿರಲಿ ಅಂತನ ಮುಟ್ಟೂದಿಲ್ರಿ."

ಅಜ್ಜಾರು ಒದ್ದೆ ಬಟ್ಟೆ ಹಿಂಡಿದರು.

ಹಬ್ಬದ ದಿನ ಮಠದಲ್ಲಿ ಒಲೆ ಹಚ್ಚುವ ಪದ್ಧತಿಯಿಲ್ಲ. ಮಠಕ್ಕೆ ನಡೆದುಕೊಳ್ಳುವ ಮನೆ ಊರೊಳಗಿನ ತಂಗೆವ್ವನದು. ಗುರುಶಿಷ್ಯರ ಊಟ ಅಲ್ಲೇ. ಉಳಿದ ಮನೆಯವರು ತಮ್ಮ ಪಾಲಿನದನ್ನು ರಾಚಯ್ಯನ ಜೋಳಿಗೆಗೆ ಹಾಕುತ್ತಾರೆ. ಜೋಳಿಗೆಗೆ ಬಿದ್ದದ್ದನ್ನು ಬೇಡ ಅನ್ನುವಂತಿಲ್ಲ, ಚೆಲ್ಲುವಂತಿಲ್ಲ. ಹೊಳೆ ದಾಟುವ ಮಂದಿಗೆ ಹಂಚಬೇಕು. ಅದು ಮಠದ ಕಟ್ಟಳೆ.

ಪಂಚಮಿ ಬಂತು. ತಂಗೆವ್ವ ಎಳ್ಳುಂಡಿ, ಶೇಂಗಾ ಉಂಡಿ, ಬೇಸನ್ ಉಂಡಿ ತಾಟಿನ ತುಂಬ ತಂದಳು. ರಾಚಯ್ಯ ತನ್ನ ತಾಟಿನ ಮೇಲೆ ಅಂಗೈ ಅಡ್ಡ ಹಿಡಿದ. ಹೆಗಲ ಬಟ್ಟೆ ಬಿಚ್ಚಿ, ಮಠದಿಂದ ತಂದ ಒಣರೊಟ್ಟಿ ತೆಗೆದು, ಮುರಿದು ಕಡಿಯತೊಡಗಿದ.

"ಯಾಕ್ರೀ ರಾಚಯ್ಯಾರ, ನನ್ನ ಕೈ ಅಡಿಗಿ ಸೇರವಲ್ದೇನ್ರಿ?"

"ವ್ರತ ಐತವ್ವಾ."

ಪಡಸಾಲೆಯಲ್ಲಿ ಊಟಕ್ಕೆ ಕೂತ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. "ವೈರಾಗ್ಯ ಅಂದ್ರ ಇದಪಾ," ಎಂದ ತಂಗೆವ್ವನ ಮೈದುನ, ಬಾಯಿಯಲ್ಲಿ ಉಂಡಿ ಇಟ್ಟುಕೊಂಡೇ.

ಒಣರೊಟ್ಟಿ ಅಷ್ಟೊಂದು ರುಚಿಯಾಗಿರುತ್ತದೆಂದು ರಾಚಯ್ಯನಿಗೆ ಅದುವರೆಗೆ ಗೊತ್ತಿರಲಿಲ್ಲ.

ಅಜ್ಜಾರು ಒಂದು ಎಳ್ಳುಂಡಿ ತಿಂದರು. ಕಣ್ಣು ಮುಚ್ಚಿ ತಿಂದರು. ಇನ್ನೊಂದು ಬಡಿಸಲು ತಂಗೆವ್ವ ಕೈ ಚಾಚುತ್ತಿದ್ದಂತೆ ಹೇಳಿದರು:

"ಕೂಡ್ರವ್ವಾ ನೀನೂ."

"ನಂದಿರಲಿ ಬಿಡ್ರಿ ಅಜ್ಜಾರ. ಎಲ್ಲಾರದೂ ಆಗಲಿ."

"ನೀ ಕೂಡ್ರೂತನಕ ನಾ ತುತ್ತು ಎತ್ತೂದಿಲ್ಲ."

ತಂಗೆವ್ವ ನಾಚಿಕೊಂಡು ಗಂಡನ ಕಡೆ ನೋಡಿದಳು. ಗಂಡ ಗೋಡೆ ನೋಡಿದ. ಕಡೆಗೆ ಅವಳು ಒಂದು ತಾಟು ಹಾಕಿಕೊಂಡು ಕಂಬಕ್ಕೆ ಒರಗಿ ಕೂತಳು.

ಅವಳು ಕೂತ ಮೇಲೆ ಅಜ್ಜಾರ ತಾಟಿಗೆ ಎರಡನೆಯ ಉಂಡಿ ಬೀಳಲಿಲ್ಲ. ಯಾರ ತಾಟಿಗೂ ಏನೂ ಬೀಳಲಿಲ್ಲ. ರಾಚಯ್ಯ ಅದನ್ನು ನೋಡಿದ. ವಯಸ್ಸಾದವರ ಹಟ ಅಂದುಕೊಂಡ.

ಸಂಜೆ ಜೋಳಿಗೆ ತುಂಬಿ ಬಂತು. ಮಳೆಗಾಲ, ಹೊಳೆ ತುಂಬಿ ಹರಿಯುತ್ತಿತ್ತು, ದಾಟುವ ಮಂದಿಯಿಲ್ಲ. ಉಂಡಿಗಳೆಲ್ಲ ಡಬ್ಬಿ ಸೇರಿದವು.

ಮರುದಿನ ಮಧ್ಯಾಹ್ನ ಅಜ್ಜಾರು ಅಡ್ಡಾದ ಮೇಲೆ ರಾಚಯ್ಯ ಡಬ್ಬಿಯ ಮುಚ್ಚಳ ತೆಗೆದ. ಇರುವೆ ಬಂದಿರಬಹುದು. ನೋಡಬೇಕಲ್ಲ.

ಇರುವೆ ಬಂದಿರಲಿಲ್ಲ. ಒಂದು ಉಂಡಿ ಒಡೆದಿತ್ತು. ಒಡೆದ ಉಂಡಿಯನ್ನು ಮಂದಿಗೆ ಕೊಡುವುದು ಚೆನ್ನಾಗಿರುವುದಿಲ್ಲ. ಅದನ್ನು ಬಾಯಿಗೆ ಹಾಕಿಕೊಂಡ. ನಿಂತೇ ತಿಂದ; ನಿಂತು ತಿಂದದ್ದು ಊಟವಲ್ಲ. ಒಡೆದ ಉಂಡಿ ಉಂಡಿಯೂ ಅಲ್ಲ.

ಅದರ ಮರುದಿನ ಇನ್ನೆರಡು ಒಡೆದಿದ್ದವು. ದಿನಕಳೆದಂತೆ ಉಂಡಿಗಳು ಬಹಳ ಒಡೆಯತೊಡಗಿದವು. ಕೆಲವು ಸಲ ಅವಕ್ಕೆ ರಾಚಯ್ಯನ ಹೆಬ್ಬೆರಳು ನೆರವಾಗುತ್ತಿತ್ತು.

ಚೌತಿಯಂದು ಅವನು ಕರಿಗಡಬಿಗೆ ಅಂಗೈ ಅಡ್ಡ ಹಿಡಿದ. ದಸರಾಕ್ಕೆ ಹೋಳಿಗೆಯ ಮುಂದೆ ಮುಖ ತಿರುವಿದ. ಹಬ್ಬದ ಊಟ ಮುಟ್ಟದ ಸ್ವಾಮಿಯನ್ನು ನೋಡಲು ಪಕ್ಕದ ಊರಿನವರೂ ಬಂದರು. ಬರುವವರು ಬರಿಗೈಯಲ್ಲಿ ಬರುತ್ತಾರೆಯೇ? ಜೋಳಿಗೆ ಇನ್ನಷ್ಟು ತುಂಬಿತು. ಡಬ್ಬಿಗಳ ಪಕ್ಕ ಡಬ್ಬಿ ಬಂತು.

ಉಡಿದಾರ ಬಿಗಿಯಾಯಿತು. ಮಳೆಗಾಲಕ್ಕೆ ದಾರ ಕುಗ್ಗುತ್ತದೆ ಅಂದುಕೊಂಡು ರಾಚಯ್ಯ ಗಂಟು ಸಡಿಲಿಸಿದ. ಮಳೆ ನಿಂತಿತು. ದಾರ ಕುಗ್ಗುತ್ತಲೇ ಇತ್ತು.

ಶೀಗಿ ಹುಣ್ಣಿಮೆ ಕಳೆದು, ದೀಪಾವಳಿ ಇನ್ನೇನು ಬಂತು ಅನ್ನುವಾಗ, ಅವನು ಒಬ್ಬನೇ ಗುಡ್ಡ ಹತ್ತಿ ಸಂದಿಗೆ ಭುಜ ಕೊಟ್ಟು ನೋಡಿದ. ಭುಜ ಹೋಯಿತು. ಹೊಟ್ಟೆ ಹೊರಗೇ ಉಳಿಯಿತು.

ಅವನು ಇಳಿದು ಬಂದಾಗ ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಕೋಲಿನಂಥ ಕಾಲು, ಕೋಲಿನಂಥ ಕೈ.

"ಅಜ್ಜಾರ, ಇದು ನ್ಯಾಯ ಅಲ್ರಿ."

"ಯಾವ್ದೋ?"

"ನೀವು ಉಂಡಿ ತಿಂದ್ರಿ, ಕಡಬು ತಿಂದ್ರಿ, ತುಪ್ಪ ಹಾಕ್ಕೊಂಡು ಹೋಳಿಗಿ ತಿಂದ್ರಿ. ನಾ ಒಂದು ಹಬ್ಬದಾಗೂ ಒಂದು ಚೂರು ಮುಟ್ಟಲಿಲ್ಲ. ಮತ್ತ ನೀವು ಹಂಗ ಅದೀರಿ, ನಾ ಹಿಂಗ ಆಗೇನಿ."

"ಹಬ್ಬ ಯಾವಾಗ ಮುಗೀತೈತಿ ರಾಚಯ್ಯ?"

"ಅವತ್ತಿನ ರಾತ್ರಿಗೆ ಮುಗೀತೈತ್ರಿ."

"ಶೀಗಿ ಹುಣ್ಣಿವಿ ಮುಗದು ಎಷ್ಟು ದಿನ ಆತು?"

"ವಾರದ ಮ್ಯಾಲ ಆತ್ರಿ."

ಅಜ್ಜಾರು ಕೈ ಚಾಚಿ ಅವನ ಗಡ್ಡದಿಂದ ಒಂದು ಎಳ್ಳು ಹೆಕ್ಕಿದರು. ನೀರಿಗೆ ಬಿಟ್ಟರು. ಒಂದು ಮೀನು ಬಂದು ಅದನ್ನು ನುಂಗಿ ಹೋಯಿತು.

ರಾಚಯ್ಯ ಗಡ್ಡ ಕೊಡವಿಕೊಂಡ.

"ಕೆಡಬಾರದಂತ ತಿಂದೇನ್ರಿ," ಎಂದ ಕಡೆಗೆ. "ಹೊಳಿ ದಾಟೋ ಮಂದಿ ಇರಲಿಲ್ಲ."

"ಈಗ ಹೊಳಿ ಇಳದು ಎಷ್ಟು ದಿನ ಆತು?"

ರಾಚಯ್ಯ ಹೊಳೆಯ ಆಚೆ ನೋಡಿದ. ಎದ್ದು ಹೋಗಿ ಡಬ್ಬಿಗಳನ್ನೆಲ್ಲ ಹೊತ್ತು ತಂದು, ಆಚೆ ದಂಡೆಗೆ ಹೊರಟಿದ್ದ ಕುರಿಗಾರರಿಗೆ ಕೊಟ್ಟ. ಡಬ್ಬಿ ಸಮೇತ ಕೊಟ್ಟ. ಆಮೇಲೆ ಬಂದು ಅಜ್ಜಾರ ಕಾಲಿಗೆ ಬಿದ್ದ.

"ಇನ್ನ ದೀಪ ಹಚ್ಚೂತನಕ ಅನ್ನಾನ ಬ್ಯಾಡ್ರಿ ನನಗ."

"ಮದ್ಲ ಹಬ್ಬದ ಮ್ಯಾಲ ಸಿಟ್ಟಾದಿ. ಈಗ ಅನ್ನದ ಮ್ಯಾಲ," ಎಂದರು ಅಜ್ಜಾರು. "ಮುಂದ ಯಾರ ಮ್ಯಾಲೋ?"

ಅದು ದೀಪಾವಳಿಯಂದು ಗೊತ್ತಾಯಿತು.

ಅವನು ಅಂದು ಒಣರೊಟ್ಟಿಯನ್ನೂ ಒಯ್ದಿರಲಿಲ್ಲ. ಬರಿ ನೀರು ಕುಡಿದು ತಂಗೆವ್ವನ ಪಡಸಾಲೆಯಲ್ಲಿ ಕೂತಿದ್ದ. ಎಣ್ಣೆಯಲ್ಲಿ ಕರ್ಚಿಕಾಯಿ ಬೇಯುವ ವಾಸನೆ ಅವನ ತಲೆಯ ಸುತ್ತ ಸುತ್ತುತ್ತಿತ್ತು. ಬೆಳಗಿನ ಕತ್ತಲಲ್ಲಿ ಎದ್ದು ಒಲೆಯ ಮುಂದೆ ಕೂತ ತಂಗೆವ್ವ, ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ ಬುಟ್ಟಿ ಹಿಡಿದು ಬಂದಳು.

"ಒಂದ ಒಂದು ಹಾಕತೇನ್ರಿ ರಾಚಯ್ಯಾರ. ಹಬ್ಬದ ದಿನ ಬರೀ ಹೊಟ್ಟೀಲೆ ಕೂಡ್ರಬಾರದು."

"ಎಣ್ಣಿ, ಬೆಲ್ಲ, ತುಪ್ಪ!" ಎಂದ ರಾಚಯ್ಯ. ದನಿ ಅವನಿಗೇ ಗುರುತು ಸಿಗದಷ್ಟು ದೊಡ್ಡದಾಗಿತ್ತು. "ತಿನ್ನಿಸಿ ತಿನ್ನಿಸಿ ಮಂದೀನ್ನ ಕೆಡಸಾವ್ರು ನೀವು. ನಿಮ್ಮಂಥಾವ್ರು ಇರೂದಕ್ಕ ನನಗ ಈ ಗತಿ ಬಂದೈತಿ."

ತಂಗೆವ್ವ ಬುಟ್ಟಿಯನ್ನು ಹಿಂದಕ್ಕೆ ತೆಗೆದುಕೊಂಡಳು.

"ತಪ್ಪಾತ್ರಿ," ಎಂದಳು. ಒಳಗೆ ಹೋದಳು.

ಅಜ್ಜಾರು ಅಂದು ತುತ್ತು ಎತ್ತಲಿಲ್ಲ. ತಾಟಿಗೆ ಕೈಮುಗಿದು ಎದ್ದರು. ಮಠದ ದಾರಿಯಲ್ಲಿ ಅವರು ಮುಂದೆ ಮುಂದೆ ನಡೆದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ರಾಚಯ್ಯನಿಗೆ.

ಗೌರಿ ಹುಣ್ಣಿಮೆ ಬಂತು.

ಕೆಳಗೆ ಹೊಳೆಯ ದಂಡೆಯಲ್ಲಿ ಊರ ಹೆಂಗಸರು ಆರತಿ ತಟ್ಟೆ ಹಿಡಿದು ನಿಂತಿದ್ದರು. ತಟ್ಟೆಗಳ ತುಂಬ ಸಕ್ಕರೆಯ ಗೊಂಬೆಗಳು. ಗವಿಯ ತನಕ ಹತ್ತಿದವರು ಮೂವರು: ಅಜ್ಜಾರು, ರಾಚಯ್ಯ, ಹಿಂದೆ ತಂಗೆವ್ವ. ದೀಪದ ಎಣ್ಣೆ ಅವಳ ಮನೆಯದು. ಮದುವೆಯಾಗಿ ಬಂದ ವರ್ಷದಿಂದ ಅವಳು ಎಣ್ಣೆಯ ಗಿಂಡಿ ಹಿಡಿದು ಸಂದಿನ ಬಾಯಿಯವರೆಗೆ ಬರುತ್ತಾಳೆ. ಅಲ್ಲೇ ನಿಲ್ಲುತ್ತಾಳೆ.

ರಾಚಯ್ಯನ ಕಣ್ಣು ಗುಳಿಬಿದ್ದಿದ್ದವು. ಆದರೆ ತಿಂಗಳುಗಟ್ಟಲೆ ಹೊಟ್ಟೆಗೆ ಬಂದು ಕೂತದ್ದು ಎರಡು ಮೂರು ವಾರದ ಉಪವಾಸಕ್ಕೆ ಹೆದರಿ ಎದ್ದುಹೋಗುವ ಜಾತಿಯದಲ್ಲ.

ಅವನು ಗದ್ದುಗೆಯ ದಿಕ್ಕಿಗೆ ಕೈಮುಗಿದು ಅಡ್ಡಡ್ಡ ನಿಂತ. ಉಸಿರು ಬಿಟ್ಟ. ಸರಿದ.

"ಧ್ಯಾನವೇನೋ?" ಎಂದರು ಅಜ್ಜಾರು ಸ್ವಲ್ಪ ಹೊತ್ತಿನ ಮೇಲೆ.

"ಅಲ್ರಿ," ಎಂದ ರಾಚಯ್ಯ ಸಂದಿನಿಂದ. "ಸಿಕ್ಕೇನ್ರಿ."

ಅವನು ಹೇಗೋ ಹಿಂದಕ್ಕೆ ಬಂದ. ಬಂಡೆಗೆ ಹಣೆ ಆನಿಸಿ ನಿಂತ. ಹೊಳೆಯ ಆಚೆ ಸೂರ್ಯ ಮುಳುಗುತ್ತಿದ್ದ.

"ದೀಪ ನಿಂತಹೋತ್ರಿ ಅಜ್ಜಾರ. ನನ್ನ ಕಾಲಕ್ಕ ನಿಂತಹೋತು."

ಅಜ್ಜಾರು ತಿರುಗಿ ನೋಡಿದರು.

"ತಂಗೆವ್ವ, ನೀ ಹೋಗಿ ಬಾ."

"ನಾನ್ರೀ? ಹೆಣಮಕ್ಕಳು ಹೋಗಬಹುದೇನ್ರಿ?"

"ಬ್ಯಾಡ ಅಂದವರು ಯಾರು?"

ತಂಗೆವ್ವ ನೆನಪು ಮಾಡಿಕೊಂಡಳು. ಯಾರೂ ಬೇಡ ಅಂದಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಅವಳು ಸೆರಗು ಸಿಕ್ಕಿಸಿಕೊಂಡು ಗಿಂಡಿ ಎತ್ತಿಕೊಂಡಳು. ಉಸಿರು ಬಿಡಬೇಕಾಗಿಯೂ ಬರಲಿಲ್ಲ. ಅಡುಗೆಮನೆಯಿಂದ ಪಡಸಾಲೆಗೆ ಬಂದ ಹಾಗೆ ಆ ಸಂದನ್ನು ದಾಟಿ ಹೋದಳು.

ಸ್ವಲ್ಪ ಹೊತ್ತಿಗೆ ಬಂಡೆಗಳ ನಡುವಿನಿಂದ ಒಂದು ಬೆಳಕಿನ ಗೆರೆ ಹೊರಗೆ ಬಿತ್ತು. ಕೆಳಗೆ ದಂಡೆಯಲ್ಲಿ ಹೆಂಗಸರ ಹಾಡು ಎದ್ದಿತು. ಒಂದೊಂದೇ ಆರತಿ ಹತ್ತಿತು.

ಒಳಗೆ ಹೋದವಳು ಬರಲಿಲ್ಲ.

"ತಂಗೆವ್ವಾ?"

"ಇದ್ದೇನ್ರಿ ಅಜ್ಜಾರ." ದನಿ ಒದ್ದೆಯಾಗಿತ್ತು. "ಒಂದೀಟು ಕೂಡ್ರತೇನ್ರಿ. ಇಲ್ಲೆ ಯಾರೂ ಕರಿಯಾಂಗಿಲ್ಲ."

"ಕೂಡ್ರು," ಎಂದರು ಅಜ್ಜಾರು.

ರಾಚಯ್ಯ ಆ ಬೆಳಕಿನ ಗೆರೆಯನ್ನೇ ನೋಡುತ್ತಿದ್ದ. ದೀಪ ಹತ್ತಿತಲ್ಲ ಎಂಬ ಸಮಾಧಾನ ಒಂದು ಕಣ್ಣಿನಲ್ಲಿ, ತನ್ನ ಕೈಯಲ್ಲಿ ಹತ್ತಲಿಲ್ಲವಲ್ಲ ಎಂಬುದು ಇನ್ನೊಂದು ಕಣ್ಣಿನಲ್ಲಿ.

"ಅಜ್ಜಾರ, ಹಬ್ಬ ಹಬ್ಬಕ್ಕೂ ಎಣ್ಣಿ ಬೆಲ್ಲದಾಗನ ಇರಾಕಿ ಆಕಿ. ಆಕಿ ಹೆಂಗ ಇಷ್ಟು ತೆಳ್ಳಗ ಉಳದ್ಲು?"

"ಬರತಾಳಲ್ಲ. ಕೇಳು."

ತಂಗೆವ್ವ ಹೊರಗೆ ಬಂದಳು. ಮುಖ ತೊಳೆದುಕೊಂಡು ಬಂದವಳ ಹಾಗಿದ್ದಳು. ರಾಚಯ್ಯ ಕೇಳಿದ. ಅವಳಿಗೆ ನಗು ಬಂತು.

"ಎಲ್ಲಾರದೂ ಊಟ ಆಗೂದ್ರಾಗ ಹೊತ್ತು ಇಳದಿರತೈತ್ರಿ. ವಾಸನಿ ಕುಡದು ಕುಡದು ಹಸಿವಿ ಸತ್ತಿರತೈತಿ. ಬುಟ್ಟಿ ತಳದಾಗ ಒಡದದ್ದು ಮುರದದ್ದು ಉಳದಿದ್ರ ಬಾಯಾಗ ಹಾಕ್ಕೋತೇನಿ. ಅಜ್ಜಾರು ಹಟ ಮಾಡಿ ಕೂಡ್ರಿಸಿದ ದಿನ ಮಾತ್ರ ಬಿಸೀದು."

ಒಡೆದದ್ದು, ಮುರಿದದ್ದು.

ರಾಚಯ್ಯ ತನ್ನ ಹೆಬ್ಬೆರಳನ್ನು ನೋಡಿಕೊಂಡ.

ಹುಣ್ಣಿಮೆಯ ಊಟವೂ ತಂಗೆವ್ವನ ಮನೆಯಲ್ಲೇ. ಪಡಸಾಲೆಯಲ್ಲಿ ಸಾಲು ಕೂತಿತ್ತು. ಅಜ್ಜಾರ ಪಕ್ಕದ ತಾಟು ರಾಚಯ್ಯನದು. ಅವನು ಅದರ ಮುಂದೆ ಕೂಡಲಿಲ್ಲ. ನೇರ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ.

"ಅವ್ವಾ, ಬುಟ್ಟಿ ಕೊಡ್ರಿ."

"ಅಯ್ಯ! ಸ್ವಾಮ್ಯಾರು ಬಡಸೂದುಂಟೇನ್ರಿ? ಮಂದಿ ಏನಂದಾರು?"

"ಬ್ಯಾಡ ಅಂದವರು ಯಾರ್ರಿ?"

ಅಜ್ಜಾರು ಪಡಸಾಲೆಯಲ್ಲಿ ಕೆಮ್ಮಿದರು. ಕೆಮ್ಮೋ ನಗುವೋ ಗೊತ್ತಾಗಲಿಲ್ಲ.

"ದೀಪಾವಳಿ ದಿನ ನಾ ಅಂದದ್ದು..." ಎಂದ ರಾಚಯ್ಯ.

"ಯಾವ್ದ್ರಿ?" ಎಂದಳು ತಂಗೆವ್ವ, ಮರೆತವಳ ಹಾಗೆ. ಮರೆತಿರಲಿಲ್ಲ. ಆದರೆ ಬುಟ್ಟಿ ಕೊಟ್ಟಳು.

ಅವಳು ಸಾಲಿನ ತುದಿಗೆ ಬಂದು ರಾಚಯ್ಯನ ತಾಟಿನ ಮುಂದೆ ಕೂತಳು. ರಾಚಯ್ಯ ಬಡಿಸಿದ. ಪಲ್ಯ ಬೀಳಬೇಕಾದಲ್ಲಿ ಕೋಸಂಬರಿ ಬಿತ್ತು, ತುಪ್ಪ ತಾಟಿಗಿಂತ ನೆಲಕ್ಕೆ ಹೆಚ್ಚು ಬಿತ್ತು. ತಂಗೆವ್ವನ ಗಂಡ ಏನೋ ಹೇಳಲು ಬಾಯಿ ತೆರೆದು, ಅಜ್ಜಾರ ಕಡೆ ನೋಡಿ, ಆ ಬಾಯಿಗೆ ಹೋಳಿಗೆ ಇಟ್ಟುಕೊಂಡ.

"ಇನ್ನೊಂದು ಹಾಕ್ಕೋರಿ ಅವ್ವಾ."

ತಂಗೆವ್ವ ತಾಟಿನ ಮೇಲೆ ಅಂಗೈ ಅಡ್ಡ ಹಿಡಿದಳು.

"ನೀವೂ ಕೂಡ್ರಿ. ನೀವು ಕೂಡ್ರೂತನಕ ನಾ ತುತ್ತು ಎತ್ತೂದಿಲ್ಲ."

ರಾಚಯ್ಯ ಒಂದು ಗಳಿಗೆ ಬುಟ್ಟಿ ಹಿಡಿದು ನಿಂತ. ಆಮೇಲೆ ಅದನ್ನು ನಡುವೆ ಇಟ್ಟು, ಒಂದು ತಾಟು ತಂದುಕೊಂಡು ಕೂತ.

ಈಗ ಆ ಮನೆಯಲ್ಲಿ ನಿಂತವರು ಯಾರೂ ಇರಲಿಲ್ಲ.

ಅವನು ಒಂದು ಹೋಳಿಗೆ ಹಾಕಿಕೊಂಡ. ಬಿಸಿಯಿತ್ತು. ಇಡೀ ಹೋಳಿಗೆ, ಎಲ್ಲೂ ಒಡೆದಿರಲಿಲ್ಲ. ಆ ವರ್ಷದ ಹಬ್ಬದಲ್ಲಿ, ಹಬ್ಬದ ದಿನವೇ, ಕೂತು, ನಾಲ್ಕು ಜನರ ಕಣ್ಣೆದುರು ಅವನು ಹಬ್ಬದ ಅಡುಗೆ ತಿಂದದ್ದು ಅದೇ ಮೊದಲು. ಏಲಕ್ಕಿ ಹಾಕಿದ್ದಾರೆಂದು ಅವನಿಗೆ ತಿಳಿಯಿತು. ಡಬ್ಬಿಯ ಮುಂದೆ ನಿಂತು ತಿಂದ ಅಷ್ಟರಲ್ಲಿ ಏಲಕ್ಕಿ ಒಮ್ಮೆಯೂ ತಿಳಿದಿರಲಿಲ್ಲ.

ತಂಗೆವ್ವ ತನ್ನ ಪಾಡಿಗೆ ತಾನು ಉಣ್ಣುತ್ತಿದ್ದಳು. ಇನ್ನೊಂದು ಹಾಕಿಕೋ ಅಂತ ಯಾರೂ ಅನ್ನಲಿಲ್ಲ. ಬುಟ್ಟಿ ಕೈಗೆಟುಕುವಲ್ಲೇ ಇತ್ತು. ಅವನ ಕೈ ಹೋಗಲಿಲ್ಲ.

ಊಟ ಮುಗಿಸಿ ಗುರುಶಿಷ್ಯರು ಇ‌ಬ್ಬರೂ ಮಠದ ದಾರಿ ಹಿಡಿದರು. ಹುಣ್ಣಿಮೆಯ ಬೆಳಕಿಗೆ ಗುಡ್ಡ ಬೆಳ್ಳಗಿತ್ತು. ನಡುವೆ ಎಣ್ಣೆದೀಪದ ಆ ಒಂದು ಗೆರೆ.

"ಅಜ್ಜಾರ."

"ಏನೋ?"

"ಮುಂದಿನ ವರ್ಷ ನಾ ಆ ಸಂದಿನ್ಯಾಗ ಹೊಕ್ಕೇನೇನ್ರಿ?"

ಅಜ್ಜಾರು ಕೋಲೂರಿ ನಿಂತರು. ಗುಡ್ಡದ ಕಡೆ ನೋಡಿದರು, ಆಮೇಲೆ ಅವನ ಕೈ ನೋಡಿದರು. ಬೆರಳಿಗೆ ತುಪ್ಪ ಮೆತ್ತಿತ್ತು, ಬುಟ್ಟಿ ಹಿಡಿದಲ್ಲಿ ಅಂಗೈ ಕೆಂಪಗಾಗಿತ್ತು.

"ಇವತ್ತ ಗವಿ ಬಾಯಿ ಒಂದು ಬೆರಳು ಅಗಲ ಮಾಡಿಯಲ್ಲೋ, ತಮ್ಮಾ."